ಊರೊಳಗೆ ಅಂದರೆ ಎಲ್ಲಿಗೆ?

ಈ ತಿಂಗಳ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಒಂದು ಊರಿಗೆ ಸೆಂಟರ್ ಯಾವುದು, ಎಷ್ಟು, ಅದನ್ನು ಲೆಕ್ಕ ಹಾಕುವುದು ಹೇಗೆ. ನಾನು ಹಾಗೆ ಆರಿಸಿದ್ದಲ್ಲ. ಬಳ್ಳಾರಿಯ ಗಾಂಧಿನಗರದ ಓದುಗರೊಬ್ಬರ ಪ್ರಶ್ನೆ ಬಂದಿತ್ತು, ಅದನ್ನು ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿನ್ನುವ ಹೊತ್ತಿಗೆ ನಾಲ್ಕು ಜನರ ಮುಂದೆ ಓದಿದೆ, ಅಲ್ಲಿಂದ ಶುರುವಾದ ವಾದ ಬಿಸಿಲು ಏರುವವರೆಗೂ ಮುಗಿಯಲಿಲ್ಲ. ಆಮೇಲೆ ಆ ನಾಲ್ವರೂ, ಅವರ ಮನೆಯವರೂ ಒಂದೊಂದು ಪ್ರಶ್ನೆ ಬರೆದು ಕೊಟ್ಟರು. ಹೆಸರು ಹಾಕಬೇಡಿ ಅಂದಿದ್ದಾರೆ. ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕೆಲಸ, ಅಳಿಯನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೋದ ತಿಂಗಳು ಅವರ ಮನೆಗೆ ಹೋದಾಗ "ಒಂದಿನ ಬೆಂಗಳೂರಿನ ಸೆಂಟರ್ ಕಡೆ ಹೋಗಿ ಬರೋಣ" ಅಂದೆ. ಅಳಿಯ ನಕ್ಕು, "ಮಾವ, ಯಾವ ಸೆಂಟರ್? ಬೆಂಗಳೂರಿಗೆ ಹತ್ತು ಸೆಂಟರ್ ಇವೆ" ಅಂದ. ನನ್ನ ಪ್ರಕಾರ ಮೆಜೆಸ್ಟಿಕ್ಕೇ ಸೆಂಟರ್. ಇದನ್ನು ಬಾಯಿಮಾತಿನಲ್ಲಿ ಅಲ್ಲದೆ ಲೆಕ್ಕ ಹಾಕಿ ಹೇಳಲು ಆಗುತ್ತದೆಯೇ?
(ನಿವೃತ್ತ ಮೇಷ್ಟ್ರು, ಗಾಂಧಿನಗರ, ಬಳ್ಳಾರಿ)

ಉತ್ತರ: ಆಗುತ್ತದೆ ಮೇಷ್ಟ್ರೇ. ಆದರೆ ನೀವು ಒಂದನ್ನು ಎಣಿಸುತ್ತಿದ್ದೀರಿ, ಅಳಿಯ ಇನ್ನೊಂದನ್ನು ಎಣಿಸುತ್ತಿದ್ದಾರೆ, ಅಲ್ಲೇ ಗಂಟು ಬಿದ್ದಿರುವುದು.

ಬಳ್ಳಾರಿಯಿಂದ ರಾತ್ರಿ ಬಸ್ ಹತ್ತಿದವರು ಬೆಳಗಿನ ಜಾವ ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಹಾಗಾಗಿ ನಮ್ಮ ಕಡೆಯವರಿಗೆ ಬೆಂಗಳೂರು ಶುರುವಾಗುವುದೇ ಅಲ್ಲಿಂದ, ನಡುವೂ ಅದೇ. ಅಲ್ಲಿನ ಜನಜಂಗುಳಿ ನೋಡಿದರೆ ಬೇರೆ ಪುರಾವೆ ಬೇಡ ಅನಿಸುತ್ತದೆ. ಆದರೆ ಅಲ್ಲಿ ಓಡಾಡುವವರಲ್ಲಿ ಎಷ್ಟು ಜನ ಅಲ್ಲಿಗೇ ಬಂದವರು? ತುಂಬಾ ಜನ ಒಂದು ಬಸ್ ಇಳಿದು ಇನ್ನೊಂದು ಹತ್ತುವವರು, ಇಲ್ಲವೇ ಮೆಟ್ರೊದ ಹಸಿರು ಮಾರ್ಗದಿಂದ ನೇರಳೆಗೆ ಬದಲಾಯಿಸುವವರು. ದಾರಿ ಮಧ್ಯೆ ಕಾಲಿಟ್ಟ ಜಾಗವನ್ನೂ ಹೋಗಿ ಸೇರುವ ಜಾಗವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಗುಂತಕಲ್ ಜಂಕ್ಷನ್ ಕೂಡ ಮಹಾನಗರ ಆಗಬೇಕಾಗುತ್ತದೆ.

ಹಾಗಾಗಿ ನಗರಗಳನ್ನು ಅಳೆಯುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅರ್ಥ ಇದು: ಅಲ್ಲಿ ವಾಸ ಮಾಡದವರೂ ಕೆಲಸಕ್ಕೆ, ಕೊಳ್ಳೋಕೆ, ಓದೋಕೆ, ಆಸ್ಪತ್ರೆಗೆ ಅಂತ ದಿನಾ ಬಂದು ಸೇರುವ ಜಾಗವೇ ಕೇಂದ್ರ. ಅದನ್ನು ಎರಡು ರೀತಿಯಲ್ಲಿ ಅಳೆಯಬಹುದು. ಎಲ್ಲೆಲ್ಲಿ ಕೆಲಸಗಳು ರಾಶಿ ಬಿದ್ದಿವೆ ಅಂತ ನೋಡುವುದು ಒಂದು. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ನೋಡುವುದು ಇನ್ನೊಂದು. ಈ ಎರಡೂ ಒಂದೇ ಉತ್ತರ ಕೊಡಬೇಕು ಅಂತೇನಿಲ್ಲ, ಎಷ್ಟೋ ಸಲ ಕೊಡುವುದೂ ಇಲ್ಲ.

ಅಳಿಯನ ಪರವಾಗಿ ಒಂದು ಮಾತು. ಬೆಂಗಳೂರಿಗೆ ಒಂದಕ್ಕಿಂತ ಹೆಚ್ಚು ಕೇಂದ್ರ ಇರುವುದು ಐಟಿ ಕಂಪನಿಗಳು ಬಂದ ಮೇಲಿನ ಮಾತಲ್ಲ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ತಂದು ಅದರ ಪಕ್ಕ ಇಳಿಸಿದ್ದು 1809ರಲ್ಲಿ. ಅಲ್ಲಿಂದ ಮುಂದೆ ಪೇಟೆಗೆ ಒಂದು ಮಾರುಕಟ್ಟೆ, ದಂಡಿಗೆ ಇನ್ನೊಂದು. ಎರಡರ ಪುರಸಭೆಗಳೂ ಬೇರೆ ಬೇರೆ ಇದ್ದವು, ಒಂದಾಗಿದ್ದು 1949ರಲ್ಲಿ. ನೀವು ಹೇಳುವ ಆ ಒಂದೇ ಸೆಂಟರಿನ ಬೆಂಗಳೂರು ಯಾವತ್ತಾದರೂ ಇತ್ತೇ ಅನ್ನುವುದೇ ನನಗೆ ಅನುಮಾನ.

ನಮ್ಮೂರೇನು ಕಡಿಮೆ? ಗುಡ್ಡದ ಕೆಳಗೆ ಕೋಟೆ, ಕೋಟೆ ಪಕ್ಕ ಪೇಟೆ, ಇತ್ತ ಕಂಟೋನ್ಮೆಂಟು, ಅದಕ್ಕೊಂದು ಕೌಲ್ ಬಜಾರ್. ಆಟೊ ಹತ್ತಿ "ಊರೊಳಗೆ ಬಿಡಪ್ಪಾ" ಅಂತ ಮಾತ್ರ ಹೇಳಿ ಸುಮ್ಮನೆ ಕೂತು ನೋಡಿ. ಒಬ್ಬ ಗಡಿಗಿ ಚೆನ್ನಪ್ಪ ಸರ್ಕಲ್ಲಿಗೆ ತರುತ್ತಾನೆ, ಇನ್ನೊಬ್ಬ ಬೆಂಗಳೂರು ರೋಡಿನಲ್ಲಿ ನಿಲ್ಲಿಸುತ್ತಾನೆ, ಮೂರನೆಯವನು ತಿರುಗಿ "ಊರೊಳಗೆ ಅಂದ್ರೆ ಎಲ್ಲಿ ಸಾರ್?" ಅಂತ ಕೇಳುತ್ತಾನೆ. ನನಗೆ ಆ ಮೂರನೆಯವನೇ ಜಾಣ ಅನಿಸುತ್ತದೆ.

ಪ್ರಶ್ನೆ: ಜನ ಎಲ್ಲಿ ಜಾಸ್ತಿ ವಾಸ ಮಾಡುತ್ತಾರೋ ಅದೇ ಸೆಂಟರ್ ಅಲ್ವಾ? ಜನಗಣತಿ ಪುಸ್ತಕ ತೆಗೆದು ವಾರ್ಡ್ ನೋಡಿದರೆ ಮುಗೀತು.
(ಸತ್ಯನಾರಾಯಣಪೇಟೆ, ಬಳ್ಳಾರಿ)

ಉತ್ತರ: ನಿಮ್ಮ ಹಾಗೆ ಯೋಚಿಸಿದವರು ದೊಡ್ಡವರೇ. ಕಾಲಿನ್ ಕ್ಲಾರ್ಕ್ ಎಂಬ ಅರ್ಥಶಾಸ್ತ್ರಜ್ಞ 1951ರಲ್ಲಿ ಬೇರೆ ಬೇರೆ ದೇಶಗಳ ನಗರಗಳ ಜನದಟ್ಟಣೆ ತೆಗೆದು ನೋಡಿದ. ನಡುವಿನಿಂದ ಹೊರಗೆ ಹೋದ ಹಾಗೆ ದಟ್ಟಣೆ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಕ್ಲಾರ್ಕ್ ಕಂಡದ್ದು, ಅದು ಇಳಿಯುವುದರಲ್ಲೂ ಒಂದು ಕ್ರಮ ಇದೆ ಅನ್ನುವುದನ್ನು. ಪ್ರತಿ ಕಿಲೋಮೀಟರಿಗೂ ಹೆಚ್ಚುಕಡಿಮೆ ಅಷ್ಟೇ ಶೇಕಡಾ ಕಳೆಯುತ್ತದೆ. ನಡುವಿನಲ್ಲಿ ಹೆಕ್ಟೇರಿಗೆ 400 ಜನ, ಕಿಲೋಮೀಟರಿಗೆ ಶೇಕಡಾ 20 ಇಳಿಕೆ ಅಂತ ಇಟ್ಟುಕೊಳ್ಳಿ (ಇದು ಉದಾಹರಣೆಗೆ ನಾನೇ ಹಾಕಿದ ಅಂಕಿ). ಒಂದು ಕಿಲೋಮೀಟರ್ ದೂರದಲ್ಲಿ 320, ಎರಡರಲ್ಲಿ 256, ಮೂರರಲ್ಲಿ ಸುಮಾರು 205. ಹೀಗೆ ಹೋಗುತ್ತದೆ.

ಈ ಇಳಿಜಾರು ಒಂದೇ ಕೇಂದ್ರದ ಊರಿನ ಗುರುತು. ನಗರದ ಅಂಕಿಅಂಶ ಈ ಗೆರೆಗೆ ಚೆನ್ನಾಗಿ ಕೂತರೆ ಒಂದೇ ನಡು ಅಂತ ಅಂದುಕೊಳ್ಳಬಹುದು. ಗೆರೆ ಬಿಟ್ಟು ಮಧ್ಯೆ ಮಧ್ಯೆ ಉಬ್ಬು ಎದ್ದಿದ್ದರೆ ಬೇರೆ ಕೇಂದ್ರಗಳಿರಬಹುದು ಅಂತ ಹುಡುಕಬೇಕು.

ಆದರೆ ಜನಗಣತಿಯವರು ಎಣಿಸುವುದು ಮನೆಯಲ್ಲಿರುವವರನ್ನು. ಬೆಂಗಳೂರು ರೋಡಿನ ಬಂಗಾರದ ಅಂಗಡಿ, ಬಟ್ಟೆ ಅಂಗಡಿ ಸಾಲು ನೋಡಿ. ಹಗಲು ಕಾಲಿಡಲು ಜಾಗ ಇರುವುದಿಲ್ಲ, ಶಟರ್ ಎಳೆದ ಮೇಲೆ ಉಳಿಯುವುದು ನಾಯಿಗಳು ಮತ್ತು ಕಾವಲುಗಾರ. ಮನೆಗಳು ಮೇಲಂತಸ್ತಿನಲ್ಲಿದ್ದವು, ಅವೂ ಒಂದೊಂದಾಗಿ ಗೋಡೌನ್ ಆಗುತ್ತಿವೆ. ಪೇಟೆ ಬೆಳೆದಷ್ಟೂ ಅಲ್ಲಿ ಮಲಗುವವರು ಕಡಿಮೆಯಾಗುತ್ತಾರೆ. ಬರೀ ವಾಸದ ಲೆಕ್ಕ ಹಿಡಿದರೆ ಒಳ್ಳೆ ವ್ಯಾಪಾರ ಇರುವ ಜಾಗ ನಕ್ಷೆಯಲ್ಲಿ ತೂತಿನ ಹಾಗೆ ಕಾಣಬಹುದು. ಆದ್ದರಿಂದ ಕೆಲಸಗಳನ್ನು ಎಣಿಸಬೇಕು, ಮನೆಗಳನ್ನಲ್ಲ.

ಪ್ರಶ್ನೆ: ಎತ್ತರದ ಕಟ್ಟಡ ಇರುವ ಕಡೆ ಸೆಂಟರ್ ಅಂತ ಹೇಳಬಹುದೇ?
(ಕಂಪ್ಲಿ)

ಉತ್ತರ: ಬೇಡ. ಬೆಂಗಳೂರಿನ ಹೊರವಲಯದಲ್ಲಿ 20 ಮಹಡಿಯ ಅಪಾರ್ಟ್‌ಮೆಂಟುಗಳಿವೆ, ಅಲ್ಲಿಂದ ಬೆಳಿಗ್ಗೆ ಎಲ್ಲರೂ ಹೊರಗೆ ಹೋಗುತ್ತಾರೆ. ಚಿಕ್ಕಪೇಟೆಯ ಒಂದು ಗಲ್ಲಿಗೆ ಇಡೀ ರಾಜ್ಯ ಬರುತ್ತದೆ.

ಪ್ರಶ್ನೆ: ಕೆಲಸ ಎಣಿಸಬೇಕು ಅಂದಿರಿ, ಸರಿ. ಎಷ್ಟು ಕೆಲಸ ಇದ್ದರೆ ಕೇಂದ್ರ, ಎಷ್ಟಿದ್ದರೆ ಬರೀ ಸರ್ಕಲ್? ಅದಕ್ಕೊಂದು ಕಟಾಫ್ ಇರಬೇಕಲ್ಲ?
(ಮೊದಲ ಮೇಷ್ಟ್ರೇ ಮತ್ತೆ ಕೇಳಿದ್ದು, ಗಾಂಧಿನಗರ)

ಉತ್ತರ: ಇದೆ, ಅದರಿಂದಲೇ ಜಾಸ್ತಿ ತಲೆನೋವು.

ಹೆಸರುವಾಸಿಯಾದ ಕಟಾಫ್ ಲಾಸ್ ಏಂಜಲೀಸ್‌ನದು. ಜೆನೆವೀವ್ ಜೂಲಿಯಾನೊ ಮತ್ತು ಕೆನೆತ್ ಸ್ಮಾಲ್ ಅನ್ನುವವರು 1991ರಲ್ಲಿ ಪ್ರಕಟಿಸಿದ ಲೆಕ್ಕ. ಎಕರೆಗೆ ಕನಿಷ್ಠ 10 ಕೆಲಸ ಇರುವ ಅಕ್ಕಪಕ್ಕದ ತುಂಡುಗಳನ್ನೆಲ್ಲ ಸೇರಿಸಬೇಕು, ಹಾಗೆ ಸೇರಿಸಿದ್ದರಲ್ಲಿ ಒಟ್ಟು 10,000 ಕೆಲಸ ಇರಬೇಕು. ಇಷ್ಟಿದ್ದರೆ ಅದು ಕೇಂದ್ರ. ಹಾಗೆ ಹುಡುಕಿದಾಗ 1980ರ ಅಂಕಿಅಂಶದಲ್ಲಿ ಆ ಪ್ರದೇಶದಲ್ಲಿ ಅವರಿಗೆ 32 ಕೇಂದ್ರಗಳು ಸಿಕ್ಕವು.

ಈಗ ಅದೇ ಅಳತೆಗೋಲು ಹಿಡಿದು ಕೌಲ್ ಬಜಾರಿಗೆ ಬನ್ನಿ. ಎಕರೆ ಅಂದರೆ 40 ಗುಂಟೆ. ನಮ್ಮ ಪೇಟೆಯಲ್ಲಿ 40 ಗುಂಟೆಗೆ 10 ಕೆಲಸ ಅಂದರೆ ನಗುತ್ತಾರೆ, ಒಂದು ಮಾಳಿಗೆಯಲ್ಲೇ ಜೀನ್ಸ್ ಹೊಲಿಯುವವರು ಅಷ್ಟು ಜನ ಇರುತ್ತಾರೆ. ಆ ಲೆಕ್ಕದಲ್ಲಿ ಬಳ್ಳಾರಿಯ ಹಳೇ ಊರೆಲ್ಲ ಒಂದೇ ಕೇಂದ್ರ ಆಗಿ ಹೋಗುತ್ತದೆ, ಕಾರಿನ ಮೇಲೆ ಬೆಳೆದ ಊರಿನ ಕಟಾಫ್ ಕಾಲ್ನಡಿಗೆಯ ಊರಿಗೆ ಹೇಗೆ ಹೊಂದೀತು? ಹಾಗಂತ ನಾವು ಕಟಾಫ್ ಅನ್ನು ಎಕರೆಗೆ 200ಕ್ಕೆ ಏರಿಸಿದರೆ ಆಗ ಕೇಂದ್ರಗಳು ಕಡಿಮೆಯಾಗುತ್ತವೆ, 300ಕ್ಕೆ ಏರಿಸಿದರೆ ಇನ್ನೂ ಕಡಿಮೆ. "ಇಷ್ಟು ಕೇಂದ್ರಗಳಿವೆ" ಅಂತ ಯಾರಾದರೂ ಹೇಳಿದರೆ "ಎಷ್ಟಕ್ಕೆ ಗೆರೆ ಎಳೆದಿರಿ?" ಅಂತ ನೀವು ಕೇಳಲೇಬೇಕು.

ಈ ತೊಂದರೆಗೆ ಒಂದು ದಾರಿ ಕಂಡುಕೊಂಡಿದ್ದಾರೆ. ಅದನ್ನು ಹೇಳಲು ನಮ್ಮ ಗುಡ್ಡಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಳ್ಳಾರಿ ಗುಡ್ಡ ಎಲ್ಲಿಂದ ನೋಡಿದರೂ ಕಾಣುತ್ತದೆ ಅಲ್ವಾ? ಅದು ಬಹಳ ಎತ್ತರ ಅಂತ ಅಲ್ಲ, ಸುತ್ತ ಬಯಲು ಅಂತ. ಅದೇ ಬಂಡೆಯನ್ನು ಎತ್ತಿಕೊಂಡು ಹೋಗಿ ಸಂಡೂರಿನ ಬೆಟ್ಟದ ಸಾಲಿನಲ್ಲಿ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಕೇಂದ್ರಗಳೂ ಹಾಗೆಯೇ. ಒಂದು ಜಾಗದಲ್ಲಿ ಒಟ್ಟು ಎಷ್ಟು ಕೆಲಸ ಇದೆ ಅನ್ನುವುದಕ್ಕಿಂತ, ಊರ ನಡುವಿನಿಂದ ಅಷ್ಟು ದೂರದಲ್ಲಿ ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಇದೆ ಅಂತ ನೋಡುತ್ತಾರೆ. ಮೊದಲು ಇಡೀ ಊರಿಗೆ ಒಂದು ನಯವಾದ ಇಳಿಜಾರು ಎಳೆಯುವುದು, ಆಮೇಲೆ ಆ ಇಳಿಜಾರಿನಿಂದ ಮೇಲೆ ಎದ್ದು ನಿಂತಿರುವ ಗುಡ್ಡಗಳನ್ನು ಗುರುತಿಸುವುದು. ಡೇನಿಯಲ್ ಮ್ಯಾಕ್‌ಮಿಲನ್ 2001ರಲ್ಲಿ ಬರೆದ ವಿಧಾನ ಈ ಜಾತಿಯದು. ಕಟಾಫ್‌ಗಿಂತ ಇದು ನ್ಯಾಯವಾದದ್ದು, ಏಕೆಂದರೆ ಪ್ರತಿ ಊರನ್ನೂ ಅದರ ಬಯಲಿಗೆ ಹೋಲಿಸಿಯೇ ಅಳೆಯುತ್ತದೆ.

ಇನ್ನೊಂದು ಮಾತು, ಜರಡಿ ಕಣ್ಣಿನದು. ಊರನ್ನು ಎಷ್ಟು ದೊಡ್ಡ ಚೌಕಗಳಾಗಿ ಕತ್ತರಿಸಿ ಎಣಿಸುತ್ತೀರಿ ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ. ದೊಡ್ಡ ವಾರ್ಡ್ ಲೆಕ್ಕ ಹಿಡಿದರೆ ಒಂದು ಮೂಲೆಯ ಮಾರುಕಟ್ಟೆ ಸುತ್ತಲಿನ ಖಾಲಿ ಜಾಗದ ಜತೆ ಬೆರೆತು ತೆಳ್ಳಗಾಗಿ ಕಾಣದೇ ಹೋಗುತ್ತದೆ. ತೀರಾ ಸಣ್ಣ ಚೌಕ ಹಿಡಿದರೆ ಪ್ರತಿ ಕಾಲೇಜು, ಪ್ರತಿ ಆಸ್ಪತ್ರೆ ಒಂದೊಂದು ಕೇಂದ್ರ! ಅದೇ ಊರು, ಅದೇ ಜನ. ಜರಡಿ ಬದಲಾಯಿತು ಅಷ್ಟೇ.

ಪ್ರಶ್ನೆ: ನಾನು ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನಗೆ ಕಥೆ ಬೇಡ, ಒಂದು ಊರಿಗೆ ಒಂದೇ ಸಂಖ್ಯೆ ಬೇಕು. ಬೆಂಗಳೂರನ್ನೂ ಹೈದರಾಬಾದನ್ನೂ ಹೋಲಿಸಬೇಕು.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಂಟೋನ್ಮೆಂಟ್, ಬಳ್ಳಾರಿ)

ಉತ್ತರ: ತಗೋಮ್ಮ. ಕೇಂದ್ರಗಳನ್ನು ಗುರುತಿಸಿ ಆದ ಮೇಲೆ, ಎಲ್ಲ ಕೇಂದ್ರಗಳ ಒಟ್ಟು ಕೆಲಸದಲ್ಲಿ ಒಂದೊಂದರ ಪಾಲು ಎಷ್ಟು ಅಂತ ಬರೆದುಕೊ. ಪ್ರತಿ ಪಾಲನ್ನೂ ಅದರಿಂದಲೇ ಗುಣಿಸು. ಬಂದದ್ದನ್ನೆಲ್ಲ ಕೂಡಿಸು. ಒಂದನ್ನು ಆ ಮೊತ್ತದಿಂದ ಭಾಗಿಸು. ಬರುವ ಸಂಖ್ಯೆಯನ್ನು "ನಿಜವಾಗಿ ಲೆಕ್ಕಕ್ಕೆ ಬರುವ ಕೇಂದ್ರಗಳು" ಅಂತ ಓದಬಹುದು.

ನಾಲ್ಕು ಕೇಂದ್ರಗಳು, ನಾಲ್ಕಕ್ಕೂ ಸಮಪಾಲು ಇದ್ದರೆ ಉತ್ತರ ಸರಿಯಾಗಿ 4. ಅದೇ ನಾಲ್ಕರಲ್ಲಿ ಒಂದಕ್ಕೆ ಶೇಕಡಾ 70, ಉಳಿದ ಮೂರಕ್ಕೆ ಹತ್ತತ್ತು ಅಂತಿಟ್ಟುಕೊ. 0.49 ಜತೆಗೆ ಮೂರು ಸಲ 0.01, ಒಟ್ಟು 0.52. ಭಾಗಿಸಿದರೆ 1.9. ನಕ್ಷೆಯಲ್ಲಿ ನಾಲ್ಕು ಚುಕ್ಕೆ ಕಂಡರೂ ಊರು ನಡೆಯುತ್ತಿರುವುದು ಎರಡಕ್ಕಿಂತ ಕಡಿಮೆ ಕೇಂದ್ರದ ಮೇಲೆ. ಪಾಲು 50, 20, 20, 10 ಇದ್ದರೆ ಸುಮಾರು 2.9. ನೋಡು, ಕೇಂದ್ರಗಳ ಸಂಖ್ಯೆ ಬದಲಾಗಲಿಲ್ಲ, ತೂಕ ಬದಲಾಯಿತು.

ಇದರ ಜತೆಗೆ ಇನ್ನೊಂದು ಸಂಖ್ಯೆಯನ್ನೂ ಬರೆಯಲೇಬೇಕು, ಇದನ್ನು ಜನ ಮರೆಯುತ್ತಾರೆ. ಇಡೀ ಊರಿನ ಕೆಲಸಗಳಲ್ಲಿ ಈ ಎಲ್ಲ ಕೇಂದ್ರಗಳೂ ಸೇರಿ ಎಷ್ಟು ಪಾಲು ಹಿಡಿದಿವೆ? ಅದು ಶೇಕಡಾ 20 ಮಾತ್ರ ಆದರೆ ಉಳಿದ 80 ಊರ ತುಂಬಾ ಚೆಲ್ಲಿ ಹೋಗಿದೆ ಅಂತ ಅರ್ಥ. ಆಗ ಆ ಊರಿಗೆ ಒಂದು ಕೇಂದ್ರವೂ ಅಲ್ಲ, ಹಲವು ಕೇಂದ್ರಗಳೂ ಅಲ್ಲ, ಕೇಂದ್ರವೇ ಇಲ್ಲದ ಚೆಲ್ಲಾಪಿಲ್ಲಿ. ಬಹುಕೇಂದ್ರ ಮತ್ತು ಚೆಲ್ಲಾಪಿಲ್ಲಿ ಎರಡೂ ದೂರದಿಂದ ಒಂದೇ ತರಹ ಕಾಣುತ್ತವೆ, ಎಷ್ಟೋ ವರದಿಗಳು ಎಡವುವುದು ಇಲ್ಲೇ.

ಅಂಕಿಅಂಶ ಎಲ್ಲಿಂದ ತರಬೇಕು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ನಮ್ಮಲ್ಲಿ ಮನುಷ್ಯ ಎಲ್ಲಿ ಮಲಗುತ್ತಾನೆ ಅಂತ ವಾರ್ಡ್ ಮಟ್ಟದಲ್ಲಿ ಸಲೀಸಾಗಿ ಸಿಗುತ್ತದೆ, ಎಲ್ಲಿ ದುಡಿಯುತ್ತಾನೆ ಅಂತ ಸಿಗುವುದು ಕಷ್ಟ. ಆರ್ಥಿಕ ಗಣತಿ ಇದೆ, ಆರನೆಯದು 2013ರಲ್ಲಿ ಶುರುವಾಯಿತು, ಅದರಲ್ಲಿ ಅಂಗಡಿ, ಕಾರ್ಖಾನೆ, ಮನೆಯಲ್ಲೇ ನಡೆಸುವ ಉದ್ಯೋಗ ಎಲ್ಲವನ್ನೂ ಎಣಿಸಿದ್ದಾರೆ, ಆದರೆ ಹಳೆಯದಾಯಿತು. ಬದಲಿ ದಾರಿಗಳಿವೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯವರು ಬೀದಿ, ಬಡಾವಣೆ ಲೆಕ್ಕದಲ್ಲಿ ಮಾರ್ಗಸೂಚಿ ಬೆಲೆ ಪ್ರಕಟಿಸುತ್ತಾರೆ, ಅದನ್ನು ನಕ್ಷೆ ಮೇಲೆ ಹಾಕಿದರೆ ಬೆಲೆಯ ಗುಡ್ಡಗಳು ಎದ್ದು ಕಾಣುತ್ತವೆ. ನಿಜವಾದ ಮಾರಾಟದ ಬೆಲೆ ಬೇರೆ ಇರುತ್ತದೆ, ಅದು ನಿನಗೂ ಗೊತ್ತು ನನಗೂ ಗೊತ್ತು, ಆದರೂ ಯಾವ ಬೀದಿ ಯಾವುದಕ್ಕಿಂತ ಮೇಲೆ ಅನ್ನುವುದು ಸಾಮಾನ್ಯವಾಗಿ ತಪ್ಪುವುದಿಲ್ಲ. ರಾತ್ರಿ ಬೆಳಕಿನ ಉಪಗ್ರಹ ಚಿತ್ರಗಳೂ ಪುಕ್ಕಟೆ ಸಿಗುತ್ತವೆ. ಹುಷಾರು ಮಾತ್ರ, ನಮ್ಮ ಜಿಲ್ಲೆಯ ಚಿತ್ರ ತೆಗೆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದೊಡ್ಡ ಪೇಟೆಯ ಹಾಗೆ ಬೆಳಗುತ್ತಿರುತ್ತದೆ, ಅಲ್ಲಿ ಸೀರೆ ಕೊಳ್ಳೋಕೆ ಯಾರೂ ಹೋಗುವುದಿಲ್ಲ.

ಪ್ರಶ್ನೆ: ನಾನು ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ, ಪೀಸಿಗೆ ಇಷ್ಟು ಅಂತ ಕೊಡುತ್ತಾರೆ. ನಿಮ್ಮ ಲೆಕ್ಕದಲ್ಲಿ ನಾನು ಯಾವ ಸೆಂಟರಿನಲ್ಲಿದ್ದೇನೆ?
(ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಅಮ್ಮಾ, ಈ ತಿಂಗಳ ಪ್ರಶ್ನೆಗಳಲ್ಲಿ ಇದೇ ಗಟ್ಟಿ. ಲಾಸ್ ಏಂಜಲೀಸಿನ ಲೆಕ್ಕದವರು ಇದಕ್ಕೆ ತಡವರಿಸುತ್ತಿದ್ದರು.

ಕೆಲಸ ಎಣಿಸುವವರು ಸಾಮಾನ್ಯವಾಗಿ ಕಚೇರಿ, ಕಾರ್ಖಾನೆ, ಅಂಗಡಿ ಅಂತ ಹೊರಡುತ್ತಾರೆ. ನೀವು ಹೊಲಿಯುವ ಕೋಣೆ ನಕ್ಷೆಯಲ್ಲಿ ಮನೆ. ಬಟ್ಟೆ ಒಂದು ಕಡೆ ಕತ್ತರಿಸಿ, ನಿಮ್ಮ ಹತ್ತಿರ ಬಂದು, ಗುಂಡಿ ಹಾಕಿಸಲು ಇನ್ನೊಂದು ಮನೆಗೆ ಹೋಗಿ, ತೊಳೆಯಲು ಊರಾಚೆ ಹೋಗುತ್ತದೆ. ಇಲ್ಲಿ ಓಡಾಡುತ್ತಿರುವುದು ಕೆಲಸಗಾರರಲ್ಲ, ಪ್ಯಾಂಟು. ಜನ ಮನೆಯಿಂದ ಕೆಲಸಕ್ಕೆ ಹೋಗುವುದನ್ನು ಮಾತ್ರ ನೋಡುವ ಲೆಕ್ಕ ಇಡೀ ಕೌಲ್ ಬಜಾರನ್ನು "ವಾಸದ ಬಡಾವಣೆ" ಅಂತ ಬರೆದುಬಿಡುತ್ತದೆ. ಬಳ್ಳಾರಿ ಜೀನ್ಸ್ ಅಂದರೆ ದೇಶದಲ್ಲಿ ಹೆಸರಿದೆ, ಆದರೆ ಅದರ ಕೇಂದ್ರ ಒಂದು ಕಟ್ಟಡ ಅಲ್ಲ, ಹತ್ತಾರು ಗಲ್ಲಿ. ನನ್ನನ್ನು ಕೇಳಿದರೆ ನೀವು ಕೇಂದ್ರದಲ್ಲೇ ಇದ್ದೀರಿ, ಎಣಿಸುವವರ ಕಣ್ಣಿಗೆ ಬಿದ್ದಿಲ್ಲ.

ತೊಳೆಯುವ ಘಟಕ ಯಾಕೆ ಊರಾಚೆ ಅನ್ನುವುದಕ್ಕೆ ಹಳೆಯದೊಂದು ಉತ್ತರ ಇದೆ. ಚಾನ್ಸಿ ಹ್ಯಾರಿಸ್ ಮತ್ತು ಎಡ್ವರ್ಡ್ ಉಲ್ಮನ್ ಎಂಬ ಇಬ್ಬರು ಭೂಗೋಳದ ಪ್ರಾಧ್ಯಾಪಕರು 1945ರಲ್ಲೇ ಬರೆದಿದ್ದರು. ಊರಿಗೆ ಹಲವು ಕೇಂದ್ರಗಳು ಹುಟ್ಟುವುದು ಏಕೆಂದರೆ ಕೆಲವು ಕಸುಬುಗಳಿಗೆ ಒಂದರ ಪಕ್ಕ ಇನ್ನೊಂದು ಬೇಕು, ಕೆಲವಕ್ಕೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ, ಕೆಲವಕ್ಕೆ ನಡುವಿನ ಬಾಡಿಗೆ ಕಟ್ಟುವ ಶಕ್ತಿ ಇರುವುದಿಲ್ಲ. ಬಂಗಾರದ ಅಂಗಡಿ ಬಂಗಾರದ ಅಂಗಡಿಯ ಪಕ್ಕ ಇರಬೇಕು. ಜೀನ್ಸ್ ತೊಳೆದ ನೀಲಿ ನೀರು ಅದರ ಮುಂದೆ ಹರಿಯಬಾರದು.

ಪ್ರಶ್ನೆ: ಎಣಿಸೋದೆಲ್ಲ ಯಾಕೆ? ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಅದೇ ಹೇಳುತ್ತದಲ್ಲ ಯಾರು ಎಲ್ಲಿದ್ದಾರೆ ಅಂತ?
(ಮೊಬೈಲ್ ಅಂಗಡಿ, ಮೋತಿ ಸರ್ಕಲ್, ಬಳ್ಳಾರಿ)

ಉತ್ತರ: ಹೇಳುತ್ತದೆ, ಅದನ್ನು ಬಳಸಿಯೂ ಆಗಿದೆ. ಸ್ಪೇನಿನ 31 ನಗರಗಳಲ್ಲಿ ಮೊಬೈಲ್ ದತ್ತಾಂಶ ಇಟ್ಟುಕೊಂಡು ಯಾವ ಹೊತ್ತಿಗೆ ಜನ ಎಲ್ಲಿ ಸೇರುತ್ತಾರೆ ಅಂತ ನೋಡಿದರು, 2014ರಲ್ಲಿ ಅದು ಪ್ರಕಟವಾಯಿತು. ಜನ ಗಿಜಿಗುಡುವ ಜಾಗಗಳ ಸಂಖ್ಯೆ ಊರು ದೊಡ್ಡದಾದ ಹಾಗೆ ಏರುತ್ತದೆ, ಆದರೆ ಜನಸಂಖ್ಯೆಯಷ್ಟು ಜೋರಾಗಿ ಏರುವುದಿಲ್ಲ. ಜನ ದುಪ್ಪಟ್ಟಾದರೆ ಅಂಥ ಜಾಗಗಳು ದುಪ್ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆ.

ಲಂಡನ್ನಿನದು ಇನ್ನೂ ಚೆನ್ನಾಗಿದೆ. ಅಲ್ಲಿನ ಸುರಂಗ ರೈಲಿನಲ್ಲಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಕಾರ್ಡ್ ಉಜ್ಜುತ್ತಾರಲ್ಲ, ಆ ದಾಖಲೆ ಹಿಡಿದು ಎಲ್ಲಿಂದ ಎಲ್ಲಿಗೆ ಎಷ್ಟು ಜನ ಅಂತ ಲೆಕ್ಕ ಹಾಕಿದರು. 2011ರಲ್ಲಿ ಬಂದ ಆ ಅಧ್ಯಯನದಲ್ಲಿ ಕಂಡದ್ದು, ದೊಡ್ಡ ದೊಡ್ಡ ಹರಿವುಗಳೆಲ್ಲ ಕೆಲವೇ ಕೇಂದ್ರಗಳ ಸುತ್ತ ಕೂಡಿಕೊಳ್ಳುತ್ತವೆ. ಒಂದಲ್ಲ, ಆದರೆ ನೂರೂ ಅಲ್ಲ. ಗಮನಿಸಿ, ಇಲ್ಲಿ ಎಣಿಸಿದ್ದು ರಾಶಿಯನ್ನಲ್ಲ, ಹರಿವನ್ನು. ನಾನು ಮೊದಲು ಹೇಳಿದ ಎರಡನೇ ದಾರಿ ಇದೇ.

ಹರಿವು ಯಾಕೆ ಮುಖ್ಯ ಅಂದರೆ, ಸಮಾನ ಗಾತ್ರದ ಮೂರು ಕೇಂದ್ರಗಳಿದ್ದರೂ ಒಂದಕ್ಕೆ ಮಾತ್ರ ಊರಿನ ಎಲ್ಲ ಮೂಲೆಗಳಿಂದ ಜನ ಬರಬಹುದು, ಉಳಿದೆರಡಕ್ಕೆ ಅಕ್ಕಪಕ್ಕದವರಷ್ಟೇ. ರಾಶಿ ನೋಡಿದರೆ ಮೂರು, ಹರಿವು ನೋಡಿದರೆ ಒಂದು. ನಮ್ಮಲ್ಲೇ ನೋಡಿ, ವಿಮ್ಸ್ ಆಸ್ಪತ್ರೆಗೆ ಬಳ್ಳಾರಿಯವರಷ್ಟೇ ಅಲ್ಲ, ಸುತ್ತಲಿನ ಜಿಲ್ಲೆಗಳಿಂದ, ಆಂಧ್ರದ ಗಡಿ ಹಳ್ಳಿಗಳಿಂದಲೂ ಬರುತ್ತಾರೆ. ಅದಕ್ಕಿಂತ ಜಾಸ್ತಿ ಜನ ತುಂಬಿದ ತರಕಾರಿ ಮಾರುಕಟ್ಟೆಗೆ ಬರುವವರು ನಾಲ್ಕು ಬಡಾವಣೆಯವರು.

ಆದರೆ ನಿಮ್ಮ ಮೊಬೈಲಿಗೂ ಒಂದು ದೋಷ ಇದೆ. ಒಬ್ಬನ ಜೇಬಿನಲ್ಲಿ ಎರಡು ಸಿಮ್, ಇನ್ನೊಂದು ಮನೆಯಲ್ಲಿ ಐದು ಜನಕ್ಕೆ ಒಂದು ಫೋನ್, ಅದೂ ಗಂಡಸರ ಜೇಬಿನಲ್ಲಿ. ಮಗುವನ್ನು ಶಾಲೆಗೆ ಬಿಟ್ಟು, ರೇಷನ್ ತಂದು, ದುರ್ಗಮ್ಮನ ಗುಡಿಗೆ ಹೋಗಿ ಬರುವ ಹೆಂಗಸಿನ ದಾರಿ ಆ ದತ್ತಾಂಶದಲ್ಲಿ ಇರುವುದೇ ಇಲ್ಲ.

ಪ್ರಶ್ನೆ: ಕೊನೆಗೂ ಬಳ್ಳಾರಿಗೆ ಎಷ್ಟು ಸೆಂಟರ್? ಬೆಂಗಳೂರಿನ ವಿಷಯ ಬಿಡಿ.
(ತೋರಣಗಲ್ಲು)

ಉತ್ತರ: ನೀವು ಯಾವ ಊರಿನಿಂದ ಕೇಳುತ್ತಿದ್ದೀರಿ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಮಹಾನಗರ ಪಾಲಿಕೆಯ ಗಡಿಯೊಳಗೆ ಮಾತ್ರ ನೋಡಿದರೆ, ನನ್ನ ಅಂದಾಜು, ಒಂದು ದೊಡ್ಡ ನಡು ಇದೆ: ಗಡಿಗಿ ಚೆನ್ನಪ್ಪ ಸರ್ಕಲ್, ಬೆಂಗಳೂರು ರೋಡ್, ತೇರು ಬೀದಿ, ಬ್ರೂಸ್‌ಪೇಟೆ ಎಲ್ಲ ಸೇರಿ. ಅದರ ಹೊರಗೆ ಆಸ್ಪತ್ರೆ ಮತ್ತು ಕಾಲೇಜುಗಳಿರುವ ಕಂಟೋನ್ಮೆಂಟ್ ಕಡೆಯದು ಒಂದು, ಕೌಲ್ ಬಜಾರ್ ಇನ್ನೊಂದು, ಎಪಿಎಂಸಿ ಕಡೆ ಸುಗ್ಗಿಯಲ್ಲಿ ಏಳುವುದು ಮತ್ತೊಂದು. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ಈ ಊರಲ್ಲಿ ಸ್ಕೂಟರ್ ಓಡಿಸಿ ಹೇಳಿದ್ದು. ಇಷ್ಟು ಸಣ್ಣ ಊರಿನಲ್ಲಿ, 2011ರ ಗಣತಿಯಲ್ಲಿ ಸುಮಾರು ನಾಲ್ಕು ಲಕ್ಷ ಜನ, ಎಲ್ಲವೂ ಒಂದರಿಂದ ಒಂದು ಆಟೊ ದೂರ. ಅದನ್ನು ಬಹುಕೇಂದ್ರ ಅಂತ ಕರೆಯಲು ನನಗೆ ಸಂಕೋಚ.

ಗಡಿಯನ್ನು ನಿಮ್ಮೂರವರೆಗೆ ಎಳೆದರೆ ಚಿತ್ರವೇ ಬೇರೆ. ಬೆಳಗಿನ ಪಾಳಿಗೆ ಬಳ್ಳಾರಿಯಿಂದ ತೋರಣಗಲ್ಲಿಗೆ ಬಸ್ಸು ತುಂಬಿ ಹೋಗುತ್ತವೆ, ಹೊಸಪೇಟೆ ಕಡೆಯಿಂದಲೂ ಬರುತ್ತವೆ. ಮೂರನ್ನೂ ಸೇರಿಸಿದರೆ ಒಂದು ಕಡೆ ಪೇಟೆ ಮತ್ತು ಆಸ್ಪತ್ರೆ, ಒಂದು ಕಡೆ ಉಕ್ಕು, ಇನ್ನೊಂದು ಕಡೆ ಹಂಪಿಗೆ ಬರುವವರ ವಸತಿ. ಮೂರು ಕೇಂದ್ರ, ಮೂರು ಬೇರೆ ಕಸುಬು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು, ಹೊಸಪೇಟೆ ಅದರ ಪಾಲಿಗೆ ಹೋಯಿತು. ಇನ್ನು ಮುಂದೆ ಜಿಲ್ಲೆ ಲೆಕ್ಕದಲ್ಲಿ ಅಂಕಿಅಂಶ ತೆಗೆಯುವವರಿಗೆ ಈ ಮೂರರಲ್ಲಿ ಒಂದು ಕಾಣುವುದೇ ಇಲ್ಲ, ಪಾಳಿಗೆ ಹೋಗುವವನಿಗೆ ಮಾತ್ರ ಏನೂ ಬದಲಾಗಿಲ್ಲ.

ಪ್ರಶ್ನೆ: ಹಲವು ಸೆಂಟರ್ ಇದ್ದರೆ ಒಳ್ಳೆಯದೇ ಅಲ್ವಾ? ಎಲ್ಲರೂ ಕೆಲಸದ ಹತ್ತಿರವೇ ಮನೆ ಮಾಡಬಹುದು, ಟ್ರಾಫಿಕ್ ಕಡಿಮೆ ಆಗುತ್ತದೆ. ಹಾಗಾದರೆ ಮಗಳಿಗೆ ಏನು ಹೇಳಲಿ?
(ಮೇಷ್ಟ್ರ ಮನೆಯವರು, ಗಾಂಧಿನಗರ)

ಉತ್ತರ: ಕಾಗದದ ಮೇಲೆ ಹಾಗೇ ಅನಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1980ರಿಂದ 1990ರ ನಡುವೆ ಕೆಲಸಗಳು ಹೊಸ ಹೊಸ ಕೇಂದ್ರಗಳಿಗೆ ಚದುರಿದವು. ಜನರ ಓಡಾಟ ಕಡಿಮೆಯಾಯಿತೇ ಅಂತ ರಾಬರ್ಟ್ ಸರ್ವೆರೊ ಮತ್ತು ಕಾಂಗ್-ಲಿ ವೂ ನೋಡಿದರು. 1998ರಲ್ಲಿ ಬಂದ ಅವರ ಉತ್ತರ: ಇಲ್ಲ, ಕೆಲಸಕ್ಕೆ ಹೋಗುವ ದೂರ ಜಾಸ್ತಿಯೇ ಆಯಿತು.

ಯಾಕೆ ಅಂತ ತಿಳಿಯಲು ನಿಮ್ಮ ಮಗಳ ಮನೆಯೇ ಸಾಕು. ಒಬ್ಬರಿಗೆ ಪೂರ್ವದ ವೈಟ್‌ಫೀಲ್ಡ್, ಒಬ್ಬರಿಗೆ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ. ಒಂದೇ ಕೇಂದ್ರ ಇದ್ದಿದ್ದರೆ ಇಬ್ಬರೂ ಒಂದೇ ಕಡೆ ಹೋಗುತ್ತಿದ್ದರು, ಒಂದೇ ಬಸ್ಸಿನಲ್ಲಿ. ಈಗ ಯಾರ ಕೆಲಸದ ಪಕ್ಕ ಮನೆ ಮಾಡಿದರೂ ಇನ್ನೊಬ್ಬರಿಗೆ ಊರು ಸುತ್ತುವುದು ತಪ್ಪುವುದಿಲ್ಲ. ಮೇಲಾಗಿ ಕೆಲಸ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮಗುವಿನ ಶಾಲೆ ಬದಲಾಗುವುದಿಲ್ಲ. ಬಸ್ಸಿನವರಿಗೂ ಇದು ಕಷ್ಟ. ಎಲ್ಲರೂ ಒಂದೇ ಕಡೆ ಹೋಗುವುದಾದರೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಮಾರ್ಗ ಹಾಕಬಹುದು, ಎಲ್ಲರೂ ಎಲ್ಲ ಕಡೆ ಹೋಗುವುದಾದರೆ ಪ್ರತಿ ಜೋಡಿಗೂ ಒಂದು ಮಾರ್ಗ ಬೇಕು. ಆಗ ಜನ ಸ್ಕೂಟರ್ ಕೊಳ್ಳುತ್ತಾರೆ.

ಬೆಂಗಳೂರಿನ ಮೆಟ್ರೊ ಈಗ ಎರಡೂ ಕಡೆ ಹೋಗುತ್ತದೆ. ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಆದರೆ ಇದನ್ನು ಬರೆಯುವ ಹೊತ್ತಿಗೆ ಒಂದರಿಂದ ಇನ್ನೊಂದಕ್ಕೆ ಮೆಟ್ರೊದಲ್ಲೇ ಹೋಗಬೇಕು ಅಂದರೆ ನೇರಳೆ ಹತ್ತಿ, ಹಸಿರಿಗೆ ಬದಲಾಯಿಸಿ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಹತ್ತಬೇಕು. ನೇರಳೆಯಿಂದ ಹಸಿರಿಗೆ ಬದಲಾಯಿಸುವ ನಿಲ್ದಾಣ ಯಾವುದು ಹೇಳಿ?

ಮೆಜೆಸ್ಟಿಕ್. ಮೇಷ್ಟ್ರಿಗೆ ಇದನ್ನು ತೋರಿಸಬೇಡಿ, ಅಳಿಯನಿಗೆ ಫೋನ್ ಮಾಡಿಬಿಡುತ್ತಾರೆ.